ಪಾಸ್‌ವರ್ಡ್ ಸರಿ ಇದೆ, ಆದ್ರೂ ಔಟ್‌ಲುಕ್ ಯಾಕೆ ಒಪ್ಪುತ್ತಿಲ್ಲ?

ಇತ್ತೀಚೆಗೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣಿಸ್ತಿದೆ. ಕಂಪ್ಯೂಟರ್‌ನಲ್ಲಿರೋ ಔಟ್‌ಲುಕ್‌ನಲ್ಲೋ ಥಂಡರ್‌ಬರ್ಡ್‌ನಲ್ಲೋ ಜಿಮೇಲ್ ಹಾಕ್ಕೊಂಡಿದ್ವಿ, ವರ್ಷಗಟ್ಟಲೆ ಚೆನ್ನಾಗಿ ನಡೀತಿತ್ತು, ಈಗ ಪಾಸ್‌ವರ್ಡ್ ಕೇಳ್ತಾನೇ ಇದೆ. ಸರಿಯಾಗಿ ಹಾಕಿದ್ರೂ ಮತ್ತೆ ಅದೇ ಬಾಕ್ಸ್. ಏನ್ ಮಾಡೋದು?

ನಾನು ಬಿಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ನನ್ನ ಕ್ಲಾಸ್‌ಮೇಟ್‌ಗಳು ಅರ್ಧ ಜನ ಆಡಿಟರ್ ಆಫೀಸಲ್ಲೇ ಇದ್ದಾರೆ, ಹಾಗಾಗಿ ಈ ತಲೆನೋವು ಹತ್ತಿರದಿಂದ ಗೊತ್ತು. 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು, ಪಾರ್ಟಿ ಕಳಿಸಿದ ಬಿಲ್ಲುಗಳೆಲ್ಲ ಮೇಲ್‌ನಲ್ಲಿವೆ, ಮೇಲ್ ತೆಗೀತಿಲ್ಲ. ತಡವಾದ್ರೆ ದಿನದ ಲೆಕ್ಕದಲ್ಲಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಬಡ್ಡಿ. ಆ ಗಾಬರಿಯಲ್ಲೇ ಜನ ಮಾಡಬಾರದ್ದನ್ನೆಲ್ಲ ಮಾಡೋದು.

ಮೊದಲನೇ ಕೆಲಸ, ಔಟ್‌ಲುಕ್ ಬಿಟ್ಟುಬಿಡಿ. ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಜಿಮೇಲ್ ತೆಗೆದು ಲಾಗಿನ್ ಮಾಡಿ ನೋಡಿ. ತೆರೀತಾ? ಹಾಗಿದ್ರೆ ನಿಮ್ಮ ಅಕೌಂಟ್‌ಗೆ ಏನೂ ಆಗಿಲ್ಲ, ಪಾಸ್‌ವರ್ಡೂ ತಪ್ಪಿಲ್ಲ. ಬಿಲ್ ಅಲ್ಲಿಂದಲೇ ಡೌನ್‌ಲೋಡ್ ಮಾಡ್ಕೊಂಡು ರಿಟರ್ನ್ ಹಾಕಿ, ರಿಪೇರಿ ನಾಳೆ ನೋಡಿದ್ರೂ ನಡೆಯುತ್ತೆ.

ಹಾಗಾದ್ರೆ ಔಟ್‌ಲುಕ್ ಯಾಕೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ? ಹಳೇ ಪದ್ಧತಿಯಲ್ಲಿ ನಿಮ್ಮ ನಿಜವಾದ ಪಾಸ್‌ವರ್ಡನ್ನೇ ಆ ಸಾಫ್ಟ್‌ವೇರ್ ಇಟ್ಕೊಂಡು ಪ್ರತಿಸಲ ಗೂಗಲ್‌ಗೆ ಕೊಡ್ತಿತ್ತು. ನಮ್ಮ ಭಾಷೇಲಿ ಹೇಳೋದಾದ್ರೆ, ಗುಮಾಸ್ತನ ಕೈಗೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟ ಹಾಗೆ. ಗೂಗಲ್ 2022ರ ಮೇ ಕೊನೆಗೆ ವೈಯಕ್ತಿಕ ಅಕೌಂಟ್‌ಗಳಿಗೆ ಇದನ್ನ ನಿಲ್ಲಿಸ್ತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್ ಅಕೌಂಟ್‌ಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸ್ತು. ಈಗಿನ ಪದ್ಧತಿಗೆ ಓಆಥ್ ಅಂತಾರೆ. ಪಾಸ್‌ವರ್ಡ್ ಹಾಕೋದು ಗೂಗಲ್‌ನದೇ ಪುಟದಲ್ಲಿ. ಸಾಫ್ಟ್‌ವೇರ್‌ಗೆ ಸಿಗೋದು ಬರೀ ಒಂದು ಟೋಕನ್. ಬೇಡ ಅನ್ನಿಸಿದ್ರೆ ಆ ಟೋಕನ್ ಒಂದನ್ನೇ ರದ್ದು ಮಾಡಬಹುದು. ನನಗೇನೋ ಇದು ನ್ಯಾಯವಾಗೇ ಕಾಣುತ್ತೆ. ಆದ್ರೆ ಪರದೆ ಮೇಲೆ 'ಪದ್ಧತಿ ಬದಲಾಗಿದೆ' ಅಂತ ಸ್ಪಷ್ಟವಾಗಿ ಹೇಳದೆ ಪಾಸ್‌ವರ್ಡ್ ಕೇಳ್ತಾ ಕೂತಿರೋದು ಮಾತ್ರ ಶುದ್ಧ ಸೋಮಾರಿತನ.

ಥಂಡರ್‌ಬರ್ಡ್ ಇರೋರಿಗೆ ದಾರಿ ಸುಲಭ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಸೆಟ್ಟಿಂಗ್ಸ್‌ಗೆ ಹೋಗಿ, ಅಥೆಂಟಿಕೇಷನ್ ಮೆಥಡ್ ಅನ್ನೋ ಕಡೆ 'ನಾರ್ಮಲ್ ಪಾಸ್‌ವರ್ಡ್' ಇದ್ರೆ 'ಓಆಥ್2' ಮಾಡಿ. ಮುಚ್ಚಿ ತೆರೆದ್ರೆ ಗೂಗಲ್ ಪುಟ ಬರುತ್ತೆ. ಬರದಿದ್ರೆ ಥಂಡರ್‌ಬರ್ಡ್‌ನಲ್ಲಿ ಕುಕೀಸ್ ಆಫ್ ಆಗಿದೆಯಾ ನೋಡಿ, ಸೇವ್ ಆಗಿರೋ ಹಳೇ ಪಾಸ್‌ವರ್ಡ್ ಅಳಿಸಿ. ಇನ್ನೊಂದು, ಮೇಲ್ ಬರುತ್ತೆ ಆದ್ರೆ ಹೋಗಲ್ಲ ಅಂತ ಕೆಲವರು ಹೇಳ್ತಾರಲ್ಲ, ಅದು ಕಳಿಸೋ ಸರ್ವರ್ ಸೆಟ್ಟಿಂಗ್ ಬೇರೆ ಇರೋದ್ರಿಂದ. ಔಟ್‌ಗೋಯಿಂಗ್ ಸರ್ವರ್ ಅಂತ ಕೆಳಗಡೆ ಇರುತ್ತೆ, ಅಲ್ಲೂ ಇದೇ ಬದಲಾವಣೆ ಮಾಡ್ಬೇಕು.

ಹಳೇ ಔಟ್‌ಲುಕ್ ಕಷ್ಟ. 2010, 2013ರ ಕಾಲದ ಔಟ್‌ಲುಕ್‌ಗೆ ಜಿಮೇಲ್ ಜೊತೆ ಓಆಥ್ ಬರೋದೇ ಇಲ್ಲ. ಅಂಥವರಿಗೆ ಉಳಿದಿರೋದು ಆ್ಯಪ್ ಪಾಸ್‌ವರ್ಡ್. ಗೂಗಲ್ ಅಕೌಂಟ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿದ್ರೆ ಮಾತ್ರ ಅದು ಸಿಗುತ್ತೆ. 16 ಅಕ್ಷರ ಕೊಡ್ತಾರೆ, ಒಂದೇ ಸಲ ತೋರಿಸ್ತಾರೆ. ಔಟ್‌ಲುಕ್ ಕೇಳಿದಾಗ ನಿಮ್ಮ ಮಾಮೂಲಿ ಪಾಸ್‌ವರ್ಡ್ ಬದಲು ಅದನ್ನ ಹಾಕ್ಬೇಕು. ಕಂಪನಿ ಅಕೌಂಟ್ ಆದ್ರೆ ಈ ಆಯ್ಕೆ ಕಾಣಿಸದೇ ಇರಬಹುದು, ಅಡ್ಮಿನ್‌ನ ಕೇಳಿ.

ಈಗ ಗಮನ ಇಟ್ಟು ಕೇಳಿ. ಗೂಗಲ್ ಪಾಸ್‌ವರ್ಡ್ ಬದಲಾಯಿಸಿದ ಕೂಡಲೇ ಹಳೇ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಅಂದ್ರೆ ಒಂದು ಕಂಪ್ಯೂಟರ್‌ನಲ್ಲಿ ಮೇಲ್ ಬರ್ತಿಲ್ಲ ಅಂತ 'ಫರ್ಗಾಟ್ ಪಾಸ್‌ವರ್ಡ್' ಒತ್ತಿದ್ರೆ, ಆಫೀಸಲ್ಲಿ ಅದೇ ಐಡಿ ಮೇಲೆ ಆ್ಯಪ್ ಪಾಸ್‌ವರ್ಡ್‌ನಲ್ಲಿ ನಡೀತಿದ್ದ ಉಳಿದ ಸಿಸ್ಟಮ್‌ಗಳೂ, ಮೇಲ್‌ಗೆ ಸ್ಕ್ಯಾನ್ ಕಳಿಸೋ ಪ್ರಿಂಟರೂ ನಿಂತುಹೋಗುತ್ತವೆ. ಒಂದು ಸಮಸ್ಯೆ ಐದಾಗುತ್ತೆ.

ಹಾಗೇ, ಅಕೌಂಟ್ ತೆಗೆದು ಮತ್ತೆ ಹಾಕೋಣ ಅನ್ನೋ ಮೊದಲು ಅದು ಪಾಪ್ ಅಕೌಂಟಾ ಐಮ್ಯಾಪ್ ಅಕೌಂಟಾ ನೋಡ್ಕೊಳ್ಳಿ. ಐಮ್ಯಾಪ್ ಆದ್ರೆ ಮೇಲ್‌ಗಳು ಗೂಗಲ್ ಹತ್ರಾನೇ ಇರ್ತವೆ, ಮತ್ತೆ ಇಳಿದು ಬರ್ತವೆ. ಪಾಪ್ ಆದ್ರೆ ಹಳೇ ಮೇಲ್ ನಿಮ್ಮ ಹಾರ್ಡ್‌ಡಿಸ್ಕ್‌ನ ಪಿಎಸ್‌ಟಿ ಫೈಲ್‌ನಲ್ಲಿ ಮಾತ್ರ ಇರೋ ಸಾಧ್ಯತೆ ಇದೆ. ಹತ್ತು ವರ್ಷದ ಕ್ಲೈಂಟ್ ಪತ್ರವ್ಯವಹಾರ ಅದೊಂದೇ ಫೈಲಲ್ಲಿ! ಔಟ್‌ಲುಕ್ ಮುಚ್ಚಿ, ಅದನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ಳದೆ ಯಾವ ಬಟನ್ನೂ ಒತ್ತಬೇಡಿ.

ಕೊನೇದಾಗಿ, ಗಾಬರಿಯಲ್ಲಿ 'ಜಿಮೇಲ್ ಕಸ್ಟಮರ್ ಕೇರ್ ನಂಬರ್' ಅಂತ ಸರ್ಚ್ ಮಾಡಬೇಡಿ. ಹಾಗೆ ಸಿಗೋ ನಂಬರ್‌ಗಳಲ್ಲಿ ವಂಚಕರದ್ದೂ ಇರುತ್ತವೆ. ಫೋನ್ ಎತ್ತಿದವರು ಸ್ಕ್ರೀನ್ ನೋಡೋ ಆ್ಯಪ್ ಹಾಕಿಸಿದ್ರೆ, ಓಟಿಪಿ ಕೇಳಿದ್ರೆ, ತಕ್ಷಣ ಫೋನ್ ಇಟ್ಟು ಇಂಟರ್‌ನೆಟ್ ಕಟ್ ಮಾಡಿ. ಮೇಲ್ ಅವರ ಕೈ ಸೇರಿದ್ರೆ ಅದಕ್ಕೆ ಜೋಡಿಸಿರೋ ಬೇರೆ ಅಕೌಂಟ್‌ಗಳ ಪಾಸ್‌ವರ್ಡನ್ನೂ ರೀಸೆಟ್ ಮಾಡೋಕೆ ದಾರಿ ಸಿಕ್ಕ ಹಾಗೆ. ದುಡ್ಡು ಹೋಗಿದ್ರೆ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ಸಹಾಯವಾಣಿ ಅದು. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು, ದುಡ್ಡು ಇನ್ನೊಂದು ಖಾತೆಗೆ ದಾಟೋ ಮೊದಲು ತಡೆಯೋಕೆ ಆಗಬಹುದು.