ನಡೆಯುತ್ತ ಯೋಚಿಸುವ ಹಿರಿಯರಿಗಾಗಿ

ಇಂದು ಫಿಸಿಯೋಥೆರಪಿ ಪದವಿ ಪಡೆಯುತ್ತಿರುವ ಪ್ರಿಯ ವಿದ್ಯಾರ್ಥಿಗಳೆ,

ದೊಡ್ಡ ಆಸ್ಪತ್ರೆಗಳಿಗೆ ಹೊರಡುವ ಮುನ್ನ ನಮ್ಮ ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ವಯಸ್ಸಾದ ತಾಯಿಯೊಬ್ಬರು ಬಿಸಿಲಿನಿಂದ ಒಳಗಿನ ಮಬ್ಬಿಗೆ ಕಾಲಿಡುತ್ತಾರೆ. ಕೈಯಲ್ಲಿ ಹಣ್ಣುಕಾಯಿ ತಟ್ಟೆ, ಕಣ್ಣು ದೇವರ ಕಡೆ, ಪಕ್ಕದಲ್ಲಿ ಮೊಮ್ಮಗಳ ಪ್ರಶ್ನೆ. ಹೊಸಿಲ ಬಳಿ ಅವರು ಗಕ್ಕನೆ ನಿಂತು, ಉತ್ತರ ಹೇಳಿ, ಆಮೇಲೆ ಕಾಲೆತ್ತುತ್ತಾರೆ.

ಆ ನಿಲುಗಡೆಯನ್ನು ಗಮನಿಸಿ. ದೇಹದ ಸಮತೋಲನಕ್ಕೆ ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳ ಸ್ಪರ್ಶಜ್ಞಾನ, ಈ ಮೂರೂ ಸುದ್ದಿ ಕೊಡುತ್ತಿರಬೇಕು. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಇದ್ದರಂತೂ ಪಾದ ಜೋಮು ಹಿಡಿಯಬಹುದು. ಹರೆಯದಲ್ಲಿ ತಾನಾಗಿ ಸಾಗುತ್ತಿದ್ದ ನಡಿಗೆಗೆ ಈಗ ಮಿದುಳು ಹೆಜ್ಜೆಹೆಜ್ಜೆಗೂ ಗಮನ ಕೊಡಬೇಕು. ನಡುವೆ ಮಾತು, ಲೆಕ್ಕ, ಚಿಂತೆ ಸೇರಿದರೆ ಹೆಜ್ಜೆ ನಿಧಾನವಾಗುತ್ತದೆ, ಇಲ್ಲವೇ ತಪ್ಪುತ್ತದೆ.

1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ವೃದ್ಧರೊಡನೆ ನಡೆಯುತ್ತ ಮಾತಾಡಿ ನೋಡಿದರು. ಮಾತಿಗಾಗಿ ನಿಂತುಬಿಟ್ಟವರು 12 ಮಂದಿ. ಅವರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದರು. ಬೀಳುವುದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ 6,84,000 ಮಂದಿ.

ಒಮ್ಮೆ ಎಡವಿದರೆ ಸಾಕು, ಮನೆಯವರು "ಸುಮ್ನೆ ಒಂದ್ಕಡೆ ಕೂತ್ಕೊಳ್ಳಿ" ಎನ್ನುತ್ತಾರೆ. ಪ್ರೀತಿಯ ಮಾತೇ ಅದು. ಆದರೆ ಕೂತಷ್ಟೂ ತೊಡೆಯ ಬಲ ಕುಗ್ಗುತ್ತದೆ, ಭಯ ಹೆಚ್ಚುತ್ತದೆ, ಮತ್ತೆ ಬೀಳುವ ಅಪಾಯ ಹತ್ತಿರವಾಗುತ್ತದೆ. ನಿಮ್ಮ ವಿದ್ಯೆ ಈ ಸಲಹೆಯನ್ನು ಬದಲಿಸಬೇಕು. ಅವರನ್ನು ಕೂರಿಸಬೇಡಿ, ಎರಡು ಕೆಲಸ ಒಟ್ಟಿಗೆ ಮಾಡುವುದನ್ನು ಮತ್ತೆ ಕಲಿಸಿ.

ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಮರಳಿ ಕೂರುವ ಪರೀಕ್ಷೆ ನಿಮಗೆ ಗೊತ್ತು. ಅದನ್ನೇ ನೀರು ತುಂಬಿದ ಲೋಟ ಕೊಟ್ಟು ಮಾಡಿಸಿ. ಮತ್ತೊಮ್ಮೆ ಮಾತಾಡಿಸುತ್ತ ಮಾಡಿಸಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಶಾಲೆ ಕಾಣದ ರೈತನಿಗೆ ನೂರರಿಂದ ಮೂರುಮೂರು ಕಳೆಯಲು ಹೇಳಬೇಡಿ. ಮಳೆಗಳನ್ನು ಹಿಂದಿನಿಂದ ಹೇಳಿಸಿ: ಸ್ವಾತಿ, ಚಿತ್ತೆ, ಹಸ್ತ, ಉತ್ತರೆ, ಹುಬ್ಬೆ, ಮಘೆ. ರಾಗಿ ಬೆಳೆದವರಿಗೆ ಅದು ಬಾಯಿಪಾಠ. ತಿರುಗಿಸಿ ಹೇಳುವುದರಲ್ಲಿ ಮಿದುಳಿಗೆ ನಿಜವಾದ ಕಸರತ್ತಿದೆ. ಮೊದಲು ನಿಂತು, ಆಮೇಲೆ ನಡೆಯುತ್ತ, ಕೊನೆಗೆ ತಿರುವಿನಲ್ಲಿ. ನೀವು ಮಾತ್ರ ಕೈಗೆಟುಕುವಷ್ಟು ಹತ್ತಿರವಿರಿ. ಜೊತೆಗೆ ಬಚ್ಚಲಿಗೊಂದು ಹಿಡಿಕೆ, ಹೊಸಿಲಿಗೊಂದು ದೀಪ, ಕಣ್ಣಿನ ಪೊರೆಗೆ ಚಿಕಿತ್ಸೆ. ಫೋನ್ ಬಂದರೆ ನಿಂತು ಮಾತಾಡುವ ಅಭ್ಯಾಸವನ್ನೂ ಕಲಿಸಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದವರ ಮಿದುಳಿಗೆ ವಯಸ್ಸಾಗುವ ಬಗೆಯನ್ನು ದೀರ್ಘಕಾಲದಿಂದ ಅಧ್ಯಯನ ಮಾಡುತ್ತಿದೆ. ಸಂಶೋಧನೆ ಹಳ್ಳಿಗೆ ಹೋಗಿದೆ, ಚಿಕಿತ್ಸೆಯೂ ಹೋಗಬೇಕು. ಅರಸೀಕೆರೆ, ಹಳೇಬೀಡು, ಬೇಲೂರಿನ ಊರುಗಳಲ್ಲಿ ನಿಮ್ಮಲ್ಲಿ ಕೆಲವರಾದರೂ ನೆಲೆ ನಿಲ್ಲಿ. ನಮ್ಮನ್ನು ನಡೆಸಿ ಬೆಳೆಸಿದವರು ಕೊನೆಯವರೆಗೂ ತಮ್ಮ ಕಾಲ ಮೇಲೆ, ತಮ್ಮ ಯೋಚನೆಯೊಡನೆ ನಡೆಯುವಂತೆ ನೋಡಿಕೊಳ್ಳುವುದು ನಿಮ್ಮ ವೃತ್ತಿಧರ್ಮ.