ಎಂಬತ್ತು ನಿಮಿಷಗಳ ಗಣಿತ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸೇರಬಯಸುವ ವಿದ್ಯಾರ್ಥಿಯು ದಾಟಬೇಕಾದ ಹೊಸ್ತಿಲುಗಳಲ್ಲಿ ಮುಖ್ಯವಾದುದು ಸಾಮಾನ್ಯ ಪ್ರವೇಶ ಪರೀಕ್ಷೆ. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು ಸಿ.ಇ.ಟಿ. ಎಂದು ಕರೆಯುವರು. 1994ರಲ್ಲಿ ಸರ್ಕಾರವು ಇದಕ್ಕೆಂದೇ ಒಂದು ಘಟಕವನ್ನು ಸ್ಥಾಪಿಸಿತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅದನ್ನು ನಡೆಸುತ್ತಿದೆ. ಅದರ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳು, ಪ್ರಶ್ನೆಗೊಂದು ಅಂಕ, ಕಾಲಾವಕಾಶ 80 ನಿಮಿಷ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದನ್ನು ಆರಿಸಿ, ಉತ್ತರಪತ್ರದಲ್ಲಿ ಅದಕ್ಕೆ ಸಲ್ಲುವ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ತಪ್ಪಿದರೆ ಅಂಕವನ್ನು ಕಳೆಯುವುದಿಲ್ಲ. ಈ ಪತ್ರಿಕೆಯಲ್ಲಿ ತಕ್ಕಷ್ಟು ಅಂಕಗಳನ್ನು ಗಳಿಸುವ ಬಗೆ ಹೇಗೆಂಬುದೇ ಈ ಹೊತ್ತಿನ ನಮ್ಮ ಮಾತಿನ ವಿಷಯ.

ಇಷ್ಟೊಂದು ಪುಟ್ಟ ಪರೀಕ್ಷೆಗೆ ಇಷ್ಟು ದೊಡ್ಡ ಗದ್ದಲವೇಕೆಂದು ಕೆಲವರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಜಿನಿಯರಿಂಗ್ ಶ್ರೇಯಾಂಕವನ್ನು ಗೊತ್ತುಮಾಡುವಾಗ ಪಿ.ಯು. ಪರೀಕ್ಷೆಯ ಭೌತ, ರಸಾಯನ, ಗಣಿತಗಳ ಅಂಕಗಳಿಗೆ ಅರ್ಧ ತೂಕ, ಸಿ.ಇ.ಟಿ. ಅಂಕಗಳಿಗೆ ಅರ್ಧ ತೂಕ. ಅಲ್ಲಿ ಮೂರು ವಿಷಯಗಳಿಗೆ ಸೇರಿ 300, ಇಲ್ಲಿ 180. ಆದುದರಿಂದ ಸಿ.ಇ.ಟಿ.ಯ ಒಂದು ಅಂಕವು ಪಿ.ಯು.ವಿನ ಒಂದೂ ಮೂರನೆಯ ಎರಡು ಅಂಕಕ್ಕೆ ಸಮನಾಯಿತು. ವರ್ಷವೆಲ್ಲ ಬೆವರು ಸುರಿಸಿ ಪಿ.ಯು.ವಿನಲ್ಲಿ ಐದು ಅಂಕಗಳನ್ನು ಹೆಚ್ಚಿಸಿಕೊಂಡವನಿಗೂ, ಇಲ್ಲಿ ಮೂರು ವೃತ್ತಗಳನ್ನು ಸರಿಯಾಗಿ ತುಂಬಿದವನಿಗೂ ದೊರೆಯುವ ಫಲ ಒಂದೇ. ಶ್ರೇಯಾಂಕವು ಕೆಳಗಿಳಿದಾಗ ಸರ್ಕಾರದ ಪಾಲಿನ ಸೀಟು ಕೈತಪ್ಪಿ, ಹೊಲ ಮಾರಿಯೋ ಸಾಲ ಮಾಡಿಯೋ ಆಡಳಿತ ಮಂಡಲಿಯ ಸೀಟನ್ನು ಕೊಳ್ಳಬೇಕಾದ ಮನೆಗಳು ನಮ್ಮಲ್ಲಿ ಕಡಮೆಯೇನೂ ಇಲ್ಲ. ಅಂಥ ಮನೆಯವರಿಗೆ ಮೂರು ವೃತ್ತಗಳೆಂದರೆ ಸಣ್ಣ ಮಾತಲ್ಲ.

ತರಗತಿಯಲ್ಲಿ ಚೆನ್ನಾಗಿ ಲೆಕ್ಕ ಮಾಡುವ ಹುಡುಗರೇ ಇಲ್ಲಿ ಹಿಂದೆ ಬೀಳುವುದನ್ನು ಅಧ್ಯಾಪಕರಾದ ನಾವು ಮತ್ತೆ ಮತ್ತೆ ನೋಡುತ್ತೇವೆ. ಇದರ ಕಾರಣವನ್ನು ಹುಡುಗರ ದಡ್ಡತನದಲ್ಲಿ ಹುಡುಕಬೇಕಾಗಿಲ್ಲ. ನಾವು ಕಲಿಸಿದ ಒಳ್ಳೆಯ ಗುಣವೊಂದರಲ್ಲಿಯೇ ಹುಡುಕಬೇಕು. ಹಿಡಿದ ಲೆಕ್ಕವನ್ನು ಮುಗಿಸದೆ ಬಿಡಬಾರದೆಂದು ನಾವು ಹೇಳಿಕೊಡುತ್ತೇವೆ. ಪಿ.ಯು. ಪರೀಕ್ಷೆಯಲ್ಲಿ ಇದು ಸರಿಯೇ. ಅಲ್ಲಿ ಮೂರು ಗಂಟೆಗಳ ಅವಕಾಶವುಂಟು, ಅರ್ಧ ಮಾಡಿದ ಲೆಕ್ಕಕ್ಕೂ ಹಂತಹಂತವಾಗಿ ಅಂಕ ಬರುತ್ತದೆ. ಸಿ.ಇ.ಟಿ.ಯಲ್ಲಿ ಮುಕ್ಕಾಲು ಪಾಲು ಸರಿಯಾಗಿ ಮಾಡಿ ಕೊನೆಯಲ್ಲಿ ತಪ್ಪಿದ ಲೆಕ್ಕಕ್ಕೆ ಬೆಲೆ ಸೊನ್ನೆ. ಪ್ರಶ್ನೆಗೆ ಸರಾಸರಿ 80 ಸೆಕೆಂಡು. ಒಂದು ವೃತ್ತವನ್ನು ತುಂಬಲು ಐದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೂ, 60 ವೃತ್ತಗಳಿಗೆ ಐದು ನಿಮಿಷ ಹೋಯಿತು; ಆಲೋಚನೆಗೆ ಉಳಿದದ್ದು ಪ್ರಶ್ನೆಗೆ 75 ಸೆಕೆಂಡು. ಹಟ ಹಿಡಿದು ಒಂದೇ ಲೆಕ್ಕದ ಮೇಲೆ ಆರು ನಿಮಿಷ ಕುಳಿತವನು, ಆ ಒಂದು ಅಂಕಕ್ಕಾಗಿ ನಾಲ್ಕು ಪ್ರಶ್ನೆಗಳಿಗಿಂತ ಹೆಚ್ಚಿನ ಕಾಲವನ್ನು ತೆತ್ತನು. ಪತ್ರಿಕೆಯ ಕೊನೆಯ ಪುಟದಲ್ಲಿದ್ದ ಸುಲಭವಾದ ನಾಲ್ಕು ಪ್ರಶ್ನೆಗಳನ್ನು ಅವನು ಓದಿಯೂ ಇರುವುದಿಲ್ಲ.

ಹೀಗಿರುವುದರಿಂದ, ಬಿಡುವುದನ್ನು ಕಲಿಯಬೇಕು. ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸುತ್ತು ಬರತಕ್ಕದ್ದು. ಓದಿದೊಡನೆಯೇ ದಾರಿ ಕಾಣುವ ಪ್ರಶ್ನೆಗಳನ್ನು ಮಾತ್ರ ಆಗ ಮಾಡಬೇಕು. ದಾರಿ ಕಂಡರೂ ಅದು ಉದ್ದವಾಗಿದ್ದರೆ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಒಂದು ಗೆರೆ; ದಾರಿಯೇ ಕಾಣದಿದ್ದರೆ ಎರಡು ಗೆರೆ. ಈ ಸುತ್ತಿಗೆ ಸುಮಾರು 45 ನಿಮಿಷ ಸಾಕು. ಎರಡನೆಯ ಸುತ್ತಿನಲ್ಲಿ ಒಂದು ಗೆರೆಯವು. ಕಾಲವುಳಿದರೆ ಎರಡು ಗೆರೆಯವು. ನಿಮಿಷಗಳ ಈ ಹಂಚಿಕೆ ಶಾಸನವಲ್ಲ. ಅವರವರ ವೇಗಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗುವವರು ಉತ್ತರಪತ್ರದಲ್ಲಿ ಸಾಲು ತಪ್ಪುವ ಭಯವುಂಟು. 17ನೆಯದನ್ನು ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದರೆ, ಮುಂದಿನದೆಲ್ಲ ಒಂದೊಂದು ಮನೆ ಜರುಗಿ ಹೋಗುತ್ತದೆ. ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ಆದಕಾರಣ ಪುಟ ಮುಗಿದಾಗಲೆಲ್ಲ ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲಿಯೇ ಉಚ್ಚರಿಸುತ್ತ ಆ ಪುಟದ ಉತ್ತರಗಳನ್ನು ತುಂಬುವುದು ಲೇಸು.

ಬಿಡುವ ಗುಣದ ಬೆಲೆಯನ್ನು 2024ರ ಪರೀಕ್ಷೆಯು ತೋರಿಸಿಕೊಟ್ಟಿತು. ಆ ವರ್ಷ ಏಪ್ರಿಲಿನಲ್ಲಿ ನಡೆದ ಪರೀಕ್ಷೆಯಲ್ಲಿ ಪಠ್ಯಕ್ರಮದಿಂದ ಹೊರಗಿನ ಪ್ರಶ್ನೆಗಳು ಬಹಳವಾಗಿ ಬಂದವೆಂಬ ಕೂಗೆದ್ದು, ಕೊನೆಗೆ ಎಲ್ಲ ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು; ಗಣಿತವೂ ಅದರಲ್ಲಿ ಸೇರಿತ್ತು. ಅಂಕಗಳ ಮಟ್ಟಿಗೆ ನ್ಯಾಯ ದೊರೆಯಿತೆನ್ನೋಣ. ಆದರೆ ಆ ಪ್ರಶ್ನೆಗಳೊಡನೆ ಗುದ್ದಾಡಿ ಕಳೆದ ನಿಮಿಷಗಳನ್ನು ಯಾವ ಪ್ರಾಧಿಕಾರವೂ ಹಿಂದಕ್ಕೆ ಕೊಡಲಾರದಷ್ಟೆ. ಇದು ನಾನು ಓದದ ಪಾಠವೆಂದು ಕಂಡ ಕೂಡಲೇ ದಾಟಿದವರು ಆ ದಿನ ಬದುಕಿಕೊಂಡರು.

ಇನ್ನು ಲೆಕ್ಕ ಮಾಡುವ ಬಗೆ. ರೇಡಿಯೋದಲ್ಲಿ ಕಪ್ಪುಹಲಗೆ ಇಲ್ಲ. ಆದುದರಿಂದ ಕಿವಿಗೆ ನಿಲುಕುವ ಉದಾಹರಣೆಗಳನ್ನೇ ಆರಿಸಿಕೊಂಡಿದ್ದೇವೆ. ಉತ್ತರವು ನಾಲ್ಕರಲ್ಲಿ ಒಂದಾಗಿ ಕಣ್ಣೆದುರಿಗೇ ಇರುವಾಗ, ಅದನ್ನು ಶೂನ್ಯದಿಂದ ಹುಟ್ಟಿಸಬೇಕಾದ ಅಗತ್ಯವಿಲ್ಲ; ಗುರುತು ಹಿಡಿದರೆ ಸಾಕು. ಸೈನ್ ಥೀಟಾದ ನಾಲ್ಕನೆಯ ಘಾತಕ್ಕೆ ಕೊಸೈನ್ ಥೀಟಾದ ನಾಲ್ಕನೆಯ ಘಾತವನ್ನು ಕೂಡಿದರೆ ಎಷ್ಟು ಎಂಬುದು ಪ್ರಶ್ನೆಯಾಗಿರಲಿ. ಉತ್ತರಗಳು ಹೀಗಿವೆ: ಒಂದು, ಒಂದರಲ್ಲಿ ಸೈನ್ ವರ್ಗ ಕೊಸೈನ್ ವರ್ಗಗಳ ಗುಣಲಬ್ಧದ ಎರಡರಷ್ಟನ್ನು ಕಳೆದದ್ದು, ಒಂದಕ್ಕೆ ಅದೇ ಎರಡರಷ್ಟನ್ನು ಕೂಡಿದ್ದು, ಒಂದರಲ್ಲಿ ಆ ಗುಣಲಬ್ಧವನ್ನು ಒಂದೇ ಸಲ ಕಳೆದದ್ದು. ಹುಡುಗನು ಥೀಟಾಕ್ಕೆ ಸೊನ್ನೆಯ ಬೆಲೆ ಕೊಟ್ಟು ನೋಡುತ್ತಾನೆ. ನಾಲ್ಕು ಉತ್ತರಗಳೂ ಒಂದೇ ಆಗಿ ಬರುತ್ತವೆ! ಇಲ್ಲಿ ಗಾಬರಿಯಾಗಬಾರದು. 45 ಡಿಗ್ರಿಯನ್ನು ಇಟ್ಟು ನೋಡಲಿ. ಸೈನ್ ವರ್ಗವೂ ಅರ್ಧ, ಕೊಸೈನ್ ವರ್ಗವೂ ಅರ್ಧ. ಕೇಳಿದ ಮೊತ್ತವು ಕಾಲಿಗೆ ಕಾಲು ಸೇರಿ ಅರ್ಧ. ಉತ್ತರಗಳು ಕ್ರಮವಾಗಿ ಒಂದು, ಅರ್ಧ, ಒಂದೂವರೆ, ಮುಕ್ಕಾಲು ಆಗುತ್ತವೆ. ಎರಡನೆಯದು ಗೆದ್ದಿತು. ಇಪ್ಪತ್ತು ಸೆಕೆಂಡಿನ ಕೆಲಸ.

ಇದು ಕಳ್ಳದಾರಿಯಲ್ಲವೆ ಎಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಮೂಗು ಮುರಿಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಎಲ್ಲ ಬೆಲೆಗಳಿಗೂ ಸಲ್ಲುವ ಸಮೀಕರಣವು ಒಂದು ಬೆಲೆಗೂ ಸಲ್ಲಲೇಬೇಕು. ಒಂದು ಬೆಲೆಗೆ ಸಲ್ಲದ್ದು ಸುಳ್ಳು. ಇದು ಶುದ್ಧವಾದ ತರ್ಕವೇ ಸರಿ. ಮೇಲಾಗಿ, ಸೊನ್ನೆಯು ಏಕೆ ಮೋಸಮಾಡಿತು, 45 ಏಕೆ ಮಾಡಲಿಲ್ಲ ಎಂಬುದು ಸೈನ್ ಎಂದರೇನೆಂದು ತಿಳಿದವನಿಗೆ ಮಾತ್ರ ಹೊಳೆಯುತ್ತದೆ. ಮೂಲವನ್ನು ಕಲಿಯದೆ ಉಪಾಯಗಳನ್ನು ಮಾತ್ರ ಮಾರುವ ಅಂಗಡಿಗಳ ಬಗೆಗೆ ನಮಗೂ ಗೌರವವಿಲ್ಲ.

ಇನ್ನು ಕೆಲವು ಪ್ರಶ್ನೆಗಳಲ್ಲಿ ಮಾಡುವುದಕ್ಕಿಂತ ನೋಡುವುದೇ ಹೆಚ್ಚು. ಮೈನಸ್ ಪೈ ಬೈ ಎರಡರಿಂದ ಪ್ಲಸ್ ಪೈ ಬೈ ಎರಡರವರೆಗೆ ಸೈನ್ ಎಕ್ಸ್‌ನ ಏಳನೆಯ ಘಾತವನ್ನು ಅನುಕಲಿಸಿ ಎಂದರೆ, ಬರೆಯಲು ತೊಡಗುವವನು ಅರ್ಧ ಪುಟವನ್ನು ತುಂಬುತ್ತಾನೆ. ಅದು ವಿಷಮ ಫಲನ, ಎಡಗಡೆಯದು ಬಲಗಡೆಯದನ್ನು ಹೊಡೆದುಹಾಕುತ್ತದೆಂದು ಕಂಡವನು ಪೆನ್ನು ಎತ್ತದೆಯೇ ಸೊನ್ನೆ ಎನ್ನುತ್ತಾನೆ. ಮೂರು ಸಾಲು ಮೂರು ಕಂಬಗಳ ಮಾತೃಕೆಯ ನಿರ್ಧಾರಕವು 4 ಆದರೆ ಅದರ ಅಡ್ಜಾಯಿಂಟಿನ ನಿರ್ಧಾರಕವು ಅದರ ವರ್ಗ, ಅಂದರೆ 16. ಈ ಬಗೆಯ ಫಲಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಷ್ಟೂ, ಇವುಗಳಲ್ಲಿ ಉಳಿದ ಸೆಕೆಂಡುಗಳು ನಿಜವಾಗಿಯೂ ಕಠಿನವಾದ ಪ್ರಶ್ನೆಗಳಿಗೆ ಬಂಡವಾಳವಾಗುತ್ತವೆ.

ಕೈಲೆಕ್ಕದ ಮಾತನ್ನೂ ಮರೆಯುವಂತಿಲ್ಲ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರಿಗೆ ಪ್ರವೇಶವಿಲ್ಲ. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ರಾಗವಾಗಿ ಹೇಳಿಸುತ್ತಿದ್ದ ಹಳೆಯ ಕಾಲದ ಉಪಾಧ್ಯಾಯರನ್ನು ನಕ್ಕು ಬೀಳ್ಕೊಟ್ಟೆವು. ಈಗ ಭಿನ್ನರಾಶಿಗಳನ್ನು ಕೂಡುವಾಗ ಹದಿನೇಳು ವರ್ಷದವರ ಬೆರಳು ನಡುಗುತ್ತದೆ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ವಿನಲ್ಲಿ ಒಮ್ಮೆಗೇ ಇಂಗ್ಲಿಷಿಗೆ ಬಂದ ವಿದ್ಯಾರ್ಥಿಗಳ ಪಾಡು ಬೇರೆಯೇ. ಅವರಲ್ಲಿ ಅನೇಕರಿಗೆ ಗಣಿತ ಬರುತ್ತದೆ. ಕಾಲವು ಓದುವುದರಲ್ಲಿ ಸೋರಿಹೋಗುತ್ತದೆ. ಅವರಿಗೆ ನಾವು ಹೇಳುವುದೇನೆಂದರೆ, ಗಣಿತದ ಪ್ರಶ್ನೆಗಳ ಇಂಗ್ಲಿಷು ಬಹಳ ಸಣ್ಣ ಭಾಷೆ. ಹಳೆಯ ಪತ್ರಿಕೆಗಳಿಂದ ಐವತ್ತು ಅರುವತ್ತು ಮಾತುಗಳನ್ನು ಆರಿಸಿ, ಒಂದೊಂದೂ ಯಾವ ಕೆಲಸವನ್ನು ಹೇಳುತ್ತದೆಂದು ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಲಿ. 'ಅಟ್ ಲೀಸ್ಟ್ ಒನ್' ಎಂದರೆ 'ಕಡೆಯ ಪಕ್ಷ ಒಂದಾದರೂ'. ಸಂಭವನೀಯತೆಯಲ್ಲಿ ಆ ಮಾತು ಕಂಡೊಡನೆ, ಒಂದೂ ಇಲ್ಲದಿರುವ ಸಂಭವವನ್ನು ಒಂದರಿಂದ ಕಳೆಯಬೇಕೆಂಬ ಸೂಚನೆ ಬಂದಂತೆಯೇ. ಮೂರು ನಾಣ್ಯಗಳನ್ನು ಚಿಮ್ಮಿದಾಗ ಒಂದಾದರೂ ತಲೆ ಬೀಳುವ ಸಂಭವವು ಒಂದರಲ್ಲಿ ಎಂಟನೆಯ ಒಂದನ್ನು ಕಳೆದು ಎಂಟನೆಯ ಏಳು. 'ನಾಟ್' ಎಂಬ ಮೂರಕ್ಷರವನ್ನು ಕಂಡಲ್ಲೆಲ್ಲ ಅದರ ಸುತ್ತ ಒಂದು ಗೆರೆ ಎಳೆಯುವುದನ್ನು ಇಂಗ್ಲಿಷ್ ಬಲ್ಲವರೂ ರೂಢಿಮಾಡಿಕೊಂಡರೆ ನಷ್ಟವಿಲ್ಲ.

ಅಭ್ಯಾಸವು ಹೇಗಿರಬೇಕು? ದಿನಕ್ಕೆ ನೂರು ಲೆಕ್ಕ ಮಾಡಿದೆನೆಂಬ ಹೆಮ್ಮೆಯಿಂದ ಹೆಚ್ಚು ಪ್ರಯೋಜನವಿಲ್ಲ. ವಾರಕ್ಕೊಂದು ಹಳೆಯ ಪತ್ರಿಕೆ, ಎದುರಿಗೊಂದು ಗಡಿಯಾರ, ಒಂದು ಉತ್ತರಪತ್ರದ ಪ್ರತಿ, ನಡುವೆ ಏಳದೆ 80 ನಿಮಿಷ. ಅದಾದ ಮೇಲೆ, ಪತ್ರಿಕೆಗಾಗಿ ವ್ಯಯಮಾಡಿದ್ದಕ್ಕಿಂತ ಹೆಚ್ಚು ಕಾಲವನ್ನು ತಪ್ಪುಗಳಿಗಾಗಿ ಕೊಡಬೇಕು. ಒಂದು ಪುಸ್ತಕದಲ್ಲಿ ಪ್ರತಿಯೊಂದು ತಪ್ಪಿಗೂ ಅದರ ಜಾತಿಯನ್ನು ಬರೆಯಲಿ: ಪಾಠವೇ ತಿಳಿಯದೆ ತಪ್ಪಿತೋ, ಪ್ರಶ್ನೆಯನ್ನು ತಪ್ಪಾಗಿ ಓದಿತೋ, ಚಿಹ್ನೆ ಜಾರಿತೋ, ಸರಿಯಾಗಿದ್ದರೂ ಮೂರು ನಿಮಿಷ ನುಂಗಿತೋ. ಈ ಕಡೆಯ ಜಾತಿಯನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ನಮ್ಮ ಅನುಭವದಲ್ಲಿ ಅತಿ ಹೆಚ್ಚು ಅಂಕಗಳನ್ನು ತಿನ್ನುವುದು ಅದೇ. ನಾಲ್ಕಾರು ಪತ್ರಿಕೆಗಳಾಗುವಷ್ಟರಲ್ಲಿ ತನ್ನ ರೋಗ ಯಾವುದೆಂದು ವಿದ್ಯಾರ್ಥಿಗೇ ಗೊತ್ತಾಗುತ್ತದೆ. ಚಿಹ್ನೆ ಜಾರುವವನು ಹೊಸ ಪಾಠ ಹೇಳಿಸಿಕೊಂಡು ಫಲವಿಲ್ಲ. ಪಾಠ ತಿಳಿಯದವನು ವೇಗವನ್ನು ಹೆಚ್ಚಿಸಿಕೊಂಡು ಫಲವಿಲ್ಲ.

ಕೊನೆಯದಾಗಿ, ಬಿಟ್ಟ ಪ್ರಶ್ನೆಗಳ ವಿಚಾರ. ಜೆ.ಇ.ಇ. ಮೈನ್ ಎಂಬ ಅಖಿಲ ಭಾರತ ಪರೀಕ್ಷೆಯ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಒಂದು ಅಂಕದ ದಂಡ. ಅದಕ್ಕೆ ಸಿದ್ಧರಾದವರು ತಿಳಿಯದ್ದನ್ನು ಖಾಲಿ ಬಿಡುವುದನ್ನು ಅಭ್ಯಾಸ ಮಾಡಿಕೊಂಡು, ಆ ಅಭ್ಯಾಸವನ್ನೇ ಸಿ.ಇ.ಟಿ.ಗೂ ತರುತ್ತಾರೆ. ಇಲ್ಲಿ ದಂಡವಿಲ್ಲ, ಖಾಲಿ ಬಿಡುವುದು ಬರಿಯ ನಷ್ಟ. ಎಂಟು ಪ್ರಶ್ನೆಗಳು ಉಳಿದಿವೆಯೆನ್ನೋಣ. ಕಣ್ಣು ಮುಚ್ಚಿ ತುಂಬಿದರೂ ಸರಾಸರಿಯಲ್ಲಿ ಎರಡು ಸರಿಯಾಗುತ್ತವೆ. ಅಸಾಧ್ಯವಾದ ಎರಡೆರಡು ಉತ್ತರಗಳನ್ನು ಮೊದಲೇ ಹೊಡೆದುಹಾಕಿದ್ದರೆ ನಾಲ್ಕು ಸರಿಯಾಗುವ ನಿರೀಕ್ಷೆಯುಂಟು: ವಿಸ್ತೀರ್ಣವು ಋಣವಾಗದು, ಸಂಭವನೀಯತೆಯು ಒಂದನ್ನು ಮೀರದು, ಇಂಥವನ್ನು ಹೊಡೆಯಲು ಲೆಕ್ಕವೇ ಬೇಡ. ಎರಡು ಮತ್ತು ನಾಲ್ಕರ ನಡುವಣ ಈ ಅಂತರವೇ ಹಲವು ಸಾರಿ ಸೀಟಿನ ಅಂತರ. 75ನೆಯ ನಿಮಿಷಕ್ಕೆ, ಕೈಯಲ್ಲಿರುವ ಲೆಕ್ಕವು ಎಲ್ಲಿಗೇ ಬಂದಿರಲಿ, ಅದನ್ನು ಅಲ್ಲಿಗೇ ನಿಲ್ಲಿಸಿ ಉಳಿದ ವೃತ್ತಗಳನ್ನು ತುಂಬಿ, 1ರಿಂದ 60ರವರೆಗೆ ಬೆರಳಿಟ್ಟು, ಸಾಲಿಗೆ ಒಂದರಂತೆ ಇವೆಯೇ ಎಂದು ಎಣಿಸಿಕೊಳ್ಳತಕ್ಕದ್ದು. ಎರಡು ತುಂಬಿದ ಸಾಲಿಗೆ ಅಂಕವಿಲ್ಲ.