ಜೈಪಾಲ್ ಸಿಂಗ್ ಮುಂಡಾ ಕೇಳಿದ ರಾಜ್ಯ
(ಯಂಕಂಚಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ 1956ರ ನವೆಂಬರ್ 1ರ ತನಕ ಮುಂಬಯಿ ರಾಜ್ಯದಾಗ ಇದ್ದವು. ಭಾಷೆ ಒಂದೇ ಅನ್ನೋ ಕಾರಣಕ್ಕೆ ಮೈಸೂರು ರಾಜ್ಯ ಸೇರಿದವು. ಇದು ನಿಮ್ಮ ಪುಸ್ತಕದಾಗ ಐತಿ. ಆದರೆ ಅದೇ ಹೊತ್ತಿನಲ್ಲಿ, ಅದೇ ರಾಜ್ಯ ಪುನರ್ವಿಂಗಡಣಾ ಆಯೋಗದ ಮುಂದೆ ಇನ್ನೊಂದು ಜನ ರಾಜ್ಯ ಕೇಳಿ ಬರಿಗೈಲಿ ತಿರುಗಿದರು. ಅವರು ಛೋಟಾನಾಗಪುರದ ಆದಿವಾಸಿಗಳು. ಅವರ ನಾಯಕ ಜೈಪಾಲ್ ಸಿಂಗ್ ಮುಂಡಾ.

ಯಾರು ಈ ಮನುಷ್ಯ? ರಾಂಚಿ ಸೀಮೆಯ ಒಂದು ಮುಂಡಾ ಹಳ್ಳಿಯಲ್ಲಿ 1903ರಲ್ಲಿ ಹುಟ್ಟಿದವರು. ಮಿಷನ್ ಶಾಲೆಯಲ್ಲಿ ಓದಿ ಆಕ್ಸ್‌ಫರ್ಡ್ ತನಕ ಹೋದವರು. 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿಯಲ್ಲಿ ಚಿನ್ನ ಗೆದ್ದಾಗ ತಂಡದ ನಾಯಕ ಇವರೇ. ಅಂತಿಮ ಪಂದ್ಯಕ್ಕೆ ಮೊದಲೇ ತಂಡ ಬಿಟ್ಟಿದ್ದರು ಅನ್ನೋದು ಬೇರೆ ಮಾತು. ಐ.ಸಿ.ಎಸ್. ಕೈಗೆ ಬಂದಿತ್ತು. ಆಟಕ್ಕೆ ಹೋದಿ, ತರಬೇತಿ ಮತ್ತೆ ಮಾಡು ಅಂದರು. ಬ್ಯಾಡ ಅಂತ ಬಿಟ್ಟರು. ಆಮೇಲೆ ಮಾಸ್ತರಿಕೆ, ಸಂಸ್ಥಾನದ ಚಾಕರಿ ಎಲ್ಲಾ ಆಯ್ತು. 1939ರಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾಗಿ ತಮ್ಮ ಜನರ ನಡುವೆ ನಿಂತರು.

ಸಂವಿಧಾನ ಸಭೆಯಲ್ಲಿ 1946ರ ಡಿಸೆಂಬರ್‌ನಲ್ಲಿ ಇವರು ಎದ್ದು ಮಾತಾಡಿದರು. ನನ್ನನ್ನು ಜಂಗ್ಲಿ ಅಂತ ಕರೀತೀರಿ, ಆ ಹೆಸರು ನನಗೆ ನಾಚಿಕೆ ಅಲ್ಲ ಅಂದರು. ಪ್ರಜಾಪ್ರಭುತ್ವವನ್ನ ಆದಿವಾಸಿಗಳಿಗೆ ನೀವು ಕಲಿಸೋದು ಬ್ಯಾಡ, ಅವರಿಂದ ನೀವೇ ಕಲೀರಿ ಅಂದರು. ಬೈಗುಳದ ಹೆಸರನ್ನೇ ಹಿಡಿದು ತಲೆ ಎತ್ತಿ ನಿಲ್ಲೋದು ಅಂದ್ರ ಏನು ಅಂತ ನಮ್ಮ ಕೇರಿಯ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಹಾಸಭೆ ಮುಂದೆ ಜಾರ್ಖಂಡ್ ಪಕ್ಷವಾಯಿತು. ಕೋಳಿ ಹುಂಜದ ಗುರುತು. 1952ರ ಚುನಾವಣೆಯಲ್ಲಿ ಬಿಹಾರ ವಿಧಾನಸಭೆಯ 30ಕ್ಕೂ ಹೆಚ್ಚು ಸ್ಥಾನ ಗೆದ್ದು ದೊಡ್ಡ ವಿರೋಧ ಪಕ್ಷವಾಯಿತು. ಆದರೂ 1955ರಲ್ಲಿ ಆಯೋಗ ಇಲ್ಲ ಅಂದಿತು. ಕಾರಣ ನೋಡ್ರಿ: ಆ ಸೀಮೆಯಲ್ಲಿ ಆದಿವಾಸಿಗಳು ಬಹುಸಂಖ್ಯಾತರಲ್ಲ, ಅವರಿಗೆ ಒಂದೇ ಭಾಷೆ ಇಲ್ಲ, ಅದು ಬೇರೆ ಆದರೆ ಬಿಹಾರದ ಹಣಕಾಸು ಕುಸೀತದ. ಗಣಿ ಇದ್ದದ್ದು, ಕಾರ್ಖಾನೆ ಇದ್ದದ್ದು ಆದಿವಾಸಿಯ ನೆಲದಾಗ. ಹೊರಗಿನವರು ಬಂದು ತುಂಬಿಕೊಂಡದ್ದೂ ಅದಕ್ಕೇ. ನೆಲ ಕಳಕೊಂಡವನಿಗೆ, ನೀನು ಇಲ್ಲಿ ಕಡಿಮೆ ಇದ್ದೀ, ನಿನಗ ರಾಜ್ಯ ಇಲ್ಲ ಅಂದಂಗಾಯ್ತು.

ಇಲ್ಲಿಂದ ಕಹಿ ಮಾತು. 1963ರಲ್ಲಿ ಜೈಪಾಲ್ ಸಿಂಗ್ ತಮ್ಮ ಪಕ್ಷವನ್ನ ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿದರು. ರಾಜ್ಯ ಸಿಗಲಿಲ್ಲ, ಸಂಘಟನೆ ಒಡೆದು ಚೂರಾಯಿತು. 1970ರಲ್ಲಿ ತೀರಿಕೊಂಡರು. ದೊಡ್ಡವರು ಅಂತ ಇದನ್ನ ಮುಚ್ಚಿಡಬಾರದು. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನ ಒಬ್ಬ ನಾಯಕನ ಸಹಿ ಕಳೀಬಹುದು. ಸಹಿ ಹಾಕುವಾಗ ಯಾರನ್ನ ಕೇಳಿದಿ ಅನ್ನೋ ಧೈರ್ಯ ಕಾರ್ಯಕರ್ತರಿಗೆ ಇರಬೇಕು.

ಆದರೆ ಬೇಡಿಕೆ ಸಾಯಲಿಲ್ಲ. 1970ರ ದಶಕದಲ್ಲಿ ಶಿಬು ಸೊರೇನ್, ಬಿನೋದ್ ಬಿಹಾರಿ ಮಹತೋ, ಎ.ಕೆ. ರಾಯ್ ಕೂಡಿ ಜಾರ್ಖಂಡ್ ಮುಕ್ತಿ ಮೋರ್ಚಾ ಕಟ್ಟಿದರು. ಆದಿವಾಸಿ, ಕುರ್ಮಿ ರೈತ, ಗಣಿ ಕೂಲಿಕಾರ ಒಟ್ಟಾದರು. ಸಾಹುಕಾರರು ನುಂಗಿದ ಹೊಲದ ಬೆಳೆ ಕೊಯ್ದರು. ಕಡೆಗೆ 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಹುಟ್ಟಿದ ದಿನ, ಜಾರ್ಖಂಡ್ ರಾಜ್ಯವಾಯಿತು. ಬಂಗಾಳ, ಒಡಿಶಾ, ಮಧ್ಯಪ್ರದೇಶದ ಭಾಗಗಳನ್ನೂ ಕೇಳಿದ್ದರು. ಸಿಕ್ಕಿದ್ದು ಬಿಹಾರದ ತುಂಡು ಮಾತ್ರ. 2011ರ ಜನಗಣತಿಯಂತೆ ಅಲ್ಲಿ ಆದಿವಾಸಿಗಳು ನೂರಕ್ಕೆ 26.

ರಾಜ್ಯ ಬಂತು, ನೆಲ ಉಳೀತೇನು? ಬಿರ್ಸಾನ ಬಂಡಾಯದ ನಂತರ ಬಂದ 1908ರ ಛೋಟಾನಾಗಪುರ ಗೇಣಿ ಕಾಯ್ದೆ ಆದಿವಾಸಿ ಭೂಮಿ ಪರರ ಪಾಲಾಗದಂತೆ ತಡೀತದ. ಅದನ್ನ ಸಡಿಲ ಮಾಡೋಕೆ 2016ರಲ್ಲಿ ಜಾರ್ಖಂಡ್ ಸರ್ಕಾರವೇ ಹೊರಟಿತು. ಜನ ಬೀದಿಗೆ ಬಂದರು. 2017ರಲ್ಲಿ ರಾಜ್ಯಪಾಲರು ಮಸೂದೆ ವಾಪಸ್ ಕಳಿಸಿದರು. ನಮ್ಮಲ್ಲೂ ದಲಿತರಿಗೆ ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರ ಕಾಯ್ದೆ ಐತಿ. ಆ ಕಾಯ್ದೆಯ ಹೆಸರು ನಿಮ್ಮ ಅಪ್ಪ ಅವ್ವಗೆ ಗೊತ್ತೈತೇನು? ರಜೆಗೆ ಊರಿಗೆ ಹೋದಾಗ ಮನೆಯ ಪಹಣಿ ತೆಗೆದು ಓದಿ ಹೇಳ್ರಿ. ಆಕ್ಸ್‌ಫರ್ಡಿನಿಂದ ಜೈಪಾಲ್ ಸಿಂಗ್ ರಾಂಚಿಗೆ ತಿರುಗಿ ಬಂದರು. ಹಾಸ್ಟೆಲಿನಿಂದ ನಿಮ್ಮ ಊರು ಅಷ್ಟು ದೂರ ಇಲ್ಲ.